ನೀರು ಬಿಟ್ಟು ಸಿಗದ ತೂತು, ಗಾಳಿ ಊದಿ ಸಿಕ್ಕಿತು

ನಮ್ಮ ಹಳೆ ಮೋಟಾರ್‌ಹೋಮ್, ಅಂದರೆ ಒಳಗೇ ಮಂಚ, ಒಲೆ ಇರುವ ಗಾಡಿ, ಸೋರುತ್ತಿತ್ತು. ಮಾಡು ಪೂರ್ತಿ ಬದಲಿಸಬೇಕು ಅಂದವರೇ ಜಾಸ್ತಿ. ಮೋಟಾರ್‌ಹೋಮ್ ರಿಪೇರಿ ಮಾಡುವ ಒಬ್ಬರು ಕೊಟ್ಟ ಅಂದಾಜು, ನಾವು ಈ ಹಳೆ ಗಾಡಿ ಕೊಂಡ ಬೆಲೆಯ ಐದನೇ ಒಂದು ಪಾಲಿನ ಹತ್ತಿರ ಇತ್ತು. ಇನ್ನೊಬ್ಬರು ಸ್ವಲ್ಪ ಕಮ್ಮಿ ಹೇಳಿದರು, ಆದರೆ ಸೋರಿಕೆ ನಿಲ್ಲುತ್ತದೆ ಅಂತ ಬರೆದುಕೊಡಲು ಒಪ್ಪಲಿಲ್ಲ. ಎಲ್ಲಿಂದ ಸೋರುತ್ತಿದೆ ಅಂತ ಕೇಳಿದರೆ ಇಬ್ಬರ ಹತ್ತಿರವೂ ಉತ್ತರ ಇಲ್ಲ. ಅವರನ್ನು ದೂರುತ್ತಿಲ್ಲ. ಗಂಟೆ ಲೆಕ್ಕದಲ್ಲಿ ಕೂಲಿ ಪಡೆಯುವವರು ಸಾಸಿವೆ ಕಾಳಿನಷ್ಟು ತೂತಿಗಾಗಿ ದಿನವಿಡೀ ಹುಡುಕಿದರೆ ಆ ಬಿಲ್ಲು ಕಟ್ಟುವವರು ಯಾರು? ಕಿತ್ತು ಹೊಸದು ಹಾಕುವುದೇ ಅವರಿಗೆ ಗಿಟ್ಟುವ ಕೆಲಸ. ನಿವೃತ್ತರಾದ ನಮ್ಮ ಲೆಕ್ಕ ಉಲ್ಟಾ. ಪಿಂಚಣಿ ಅಳೆದು ಸುರಿದಷ್ಟು, ಹೊತ್ತು ಮಾತ್ರ ಬೇಕಾದಷ್ಟು. ಸೋರಿಕೆ ಹುಡುಕುವುದು ದುಡ್ಡಿನ ಕೆಲಸ ಅಲ್ಲ, ಹೊತ್ತಿನ ಕೆಲಸ. ಅದಕ್ಕೇ ನಾನೇ ಕೈ ಹಾಕಿದೆ.

ಕಲೆ ಬಿದ್ದಿದ್ದು ಹಿಂಭಾಗದಲ್ಲಿ, ಮಂಚದ ಮೇಲಿನ ಕಪಾಟಿನ ಮೂಲೆಯಲ್ಲಿ. ಅದರಿಂದ ಒಂದು ಮಾರು ಮುಂದೆ ಮಾಡಿನ ವೆಂಟ್, ಅಂದರೆ ಗಾಳಿ ಕಿಂಡಿ, ಇದೆ. ನೋಡಿದವರೆಲ್ಲ ಬೆರಳು ತೋರಿಸಿದ್ದು ಆ ವೆಂಟಿಗೇ. ಹಿಂದಿನ ಮಾಲೀಕರಿಗೂ ಅದೇ ಅನುಮಾನ ಇದ್ದಿರಬೇಕು. ವೆಂಟಿನ ಸುತ್ತ ಸಿಲಿಕೋನ್ ಮೇಲೆ ಸಿಲಿಕೋನ್, ಅದರ ಮೇಲೆ ಮತ್ತೊಂದು ಪದರ ಬಳಿದಿದ್ದರು.

ಮೊದಲು ಪೈಪಿನಲ್ಲಿ ನೀರು ಬಿಟ್ಟು ನೋಡಿದೆವು. ಎಲ್ಲರೂ ಮಾಡುವುದೇ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗಕ್ಕೂ ಹತ್ತು ಹದಿನೈದು ನಿಮಿಷ. ತೊಂದರೆ ಏನೆಂದರೆ, ಒಳಗೆ ಹೋದ ನೀರು ಅಲ್ಲೇ ತೊಟ್ಟಿಕ್ಕುವುದಿಲ್ಲ. ಮರದ ಪಟ್ಟಿಯ ಪಕ್ಕ ಹರಿಯುತ್ತದೆ, ವೈರ್ ಹೋದ ಜಾಡಿನಲ್ಲಿ ಇಳಿಯುತ್ತದೆ. ಶಾಖ ತಡೆಯಲು ತುಂಬಿದ ಸ್ಪಂಜು ಅರ್ಧ ಕುಡಿಯುತ್ತದೆ. ಹನಿ ಕಾಣಿಸುವ ಹೊತ್ತಿಗೆ ನೀವು ಪೈಪ್ ಹಿಡಿದು ಮೂರನೇ ಜಾಗಕ್ಕೆ ಹೋಗಿರುತ್ತೀರಿ. ಮೇಲಿಂದ ಗಾಡಿಗೆ ನಾವೇ ಮತ್ತಷ್ಟು ನೀರು ಕುಡಿಸಿದ ಹಾಗೆ ಬೇರೆ.

ಬಣ್ಣದ ನೀರೂ ಆಯಿತು. ವೆಂಟಿಗೆ ಕೆಂಪು, ಹಿಂದಿನ ಅಂಚಿಗೆ ನೀಲಿ. ಒಳಗೆ ಬಂದಿದ್ದು ಎರಡೂ ಅಲ್ಲ, ಹಳೆಯ ಮರದ ಕಂದು ನೀರು. ಕಪಾಟಿನ ಒಳಗೆ ಟಾಲ್ಕಂ ಪೌಡರ್ ಉದುರಿಸಿ ನೀರಿನ ಜಾಡು ಹಿಡಿಯುವುದು ನಮ್ಮ ಯಜಮಾನರ ಐಡಿಯಾ. ಜಾಡು ಸಿಕ್ಕಿತು, ಆದರೆ ಕೊನೆಯ ಒಂದು ಗೇಣು ಮಾತ್ರ. ಹಾಸಿಗೆಗೆಲ್ಲ ಪೌಡರ್ ವಾಸನೆ ತುಂಬಾ ದಿನ ಉಳಿಯಿತು. ಬಾಡಿಗೆಗೆ ತಂದ ಥರ್ಮಲ್ ಕ್ಯಾಮೆರಾ ದುಡ್ಡು ದಂಡ. ಒದ್ದೆ ಜಾಗ ತಣ್ಣಗೆ ಕಾಣುತ್ತದೆ, ಸರಿ. ಒದ್ದೆ ಎಲ್ಲಿದೆ ಅಂತ ನಮಗೆ ಮೊದಲೇ ಗೊತ್ತಿತ್ತಲ್ಲ.

ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ತೇವ ಅಳೆಯುವ ಮೀಟರ್. ಎರಡು ಮುಳ್ಳಿನ ಅಗ್ಗದ ಮಾಡೆಲ್ ಸಾಕು. ಒಣ ಮರ ಶೇಕಡಾ 10ರಿಂದ 14ರ ಒಳಗೆ ತೋರಿಸುತ್ತದೆ. 20 ದಾಟಿ ಅಲ್ಲೇ ನಿಂತರೆ ಮರ ಕೊಳೆಯಲು ದಾರಿ ಆದಂತೆ. ಒಳಗಿನ ಸೀಲಿಂಗ್ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕಿ, ಗೇಣಿಗೊಂದು ಅಳತೆ ಬರೆದೆ. ವೆಂಟಿನ ಸುತ್ತ ಎಲ್ಲಾ ಕಡೆ 13, 14. ಕಪಾಟಿನ ಮೂಲೆಯಲ್ಲಿ ಸುಮಾರು 27. ಅಲ್ಲಿಂದ ಹಿಂದಿನ ಗೋಡೆ ಕಡೆಗೆ ಹೋದಂತೆ ಇನ್ನೂ ಮೇಲೆ. ಅಂದರೆ ನೀರು ವೆಂಟಿನಿಂದ ಹಿಂದಕ್ಕೆ ಹೋಗುತ್ತಿರಲಿಲ್ಲ, ಹಿಂದಿನಿಂದ ಮುಂದಕ್ಕೆ ಬರುತ್ತಿತ್ತು. ಇದನ್ನು ರಿಪೇರಿಯವರಿಗೆ ತೋರಿಸಿದರೆ "ಮೀಟರ್ ಅಗ್ಗದ್ದು, ಹಾಗೇ ತೋರಿಸುತ್ತೆ" ಅಂದರು.

ಆಮೇಲೆ ಗಾಳಿ. ಒಳಗಿನಿಂದ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಚಿಮುಕಿಸಿ ಗುಳ್ಳೆ ನೋಡುವುದು ಹೊಸ ವಿದ್ಯೆ ಏನೂ ಅಲ್ಲ. ಅದಕ್ಕೆಂದೇ ಮಾಡಿದ ಯಂತ್ರ ಇಟ್ಟುಕೊಂಡ ವರ್ಕ್‌ಶಾಪ್‌ಗಳೂ ಇವೆ. ಮನೆಯಲ್ಲಿ ಎಲೆ ಗುಡಿಸುವ ಬ್ಲೋವರ್‌ನಲ್ಲಿ ಇದು ಆಗುವುದಿಲ್ಲ ಅನ್ನುವುದು ಉಳಿದವರ ವಾದ. ಎದುರುಮನೆಯವರಂತೂ ಗಾಡಿ ಬಲೂನ್ ಆಗುತ್ತದಾ ಅಂತ ಕುರ್ಚಿ ಹಾಕಿಕೊಂಡು ಕೂತರು.

ಕಿಟಕಿಯ ಅಳತೆಗೆ ಪ್ಲೈವುಡ್ ಕೊಯ್ದು, ಅಂಚಿಗೆ ಫೋಮ್ ಪಟ್ಟಿ ಅಂಟಿಸಿ, ನಡುವೆ ಬ್ಲೋವರಿನ ಮೂತಿ ಹೊಗುವಷ್ಟು ತೂತು ಮಾಡಿದೆ. ಬ್ಲೋವರಿಗೆ ವೇಗ ಕಮ್ಮಿ ಜಾಸ್ತಿ ಮಾಡುವ ಸ್ವಿಚ್ ಇರಲೇಬೇಕು. ಒಂದೇ ವೇಗದ್ದು ಬೇಡ. ಗ್ಯಾಸ್ ಸಿಲಿಂಡರಿನಲ್ಲೇ ಬಂದ್ ಮಾಡಿ. ಹೀಟರು, ಫ್ರಿಜ್ಜು, ಒಲೆ ಯಾವುದರಲ್ಲೂ ಕಿಡಿ ಇರಬಾರದು. ಒಲೆ ಮೇಲಿನ ಚಿಮಣಿ, ಹೀಟರಿನ ಹೊಗೆ ಕಿಂಡಿ, ಫ್ರಿಜ್ಜಿನ ಹಿಂದಿನ ಜಾಲರಿ, ಇವಕ್ಕೆಲ್ಲ ಹೊರಗಿನಿಂದ ಟೇಪು. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ಇರುತ್ತದಲ್ಲ, ಗಾಳಿ ಅದನ್ನು ತಳ್ಳಿ ಓಡಿಹೋಗಬಹುದು. ಅದಕ್ಕೂ ಬಿರಡೆ ಹಾಕಿ. ಮೊದಲ ದಿನ ಅರ್ಧ ಹೊತ್ತು ಹೋಗಿದ್ದು ಇಂಥ ಬೇಕಾದ ತೂತುಗಳನ್ನು ಮುಚ್ಚುವುದರಲ್ಲೇ.

ಒತ್ತಡ ಎಷ್ಟು ಅಂತ ತಿಳಿಯಲು ಮೀಟರ್ ಕೊಳ್ಳಬೇಡಿ. ಪಾರದರ್ಶಕ ಸಣ್ಣ ಪೈಪನ್ನು ಇಂಗ್ಲಿಷಿನ ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧ ಬಣ್ಣದ ನೀರು ತುಂಬಿ. ಒಂದು ತುದಿ ಗಾಡಿ ಒಳಗೆ, ಇನ್ನೊಂದು ಹೊರಗೆ. ಎರಡು ಕಡೆಯ ನೀರಿನ ಮಟ್ಟದ ಅಂತರವೇ ಒತ್ತಡ. 25 ಮಿಲಿಮೀಟರ್ ಅಂದರೆ ಸುಮಾರು 250 ಪಾಸ್ಕಲ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಒಂದು ಚದರ ಮೀಟರ್ ಸೀಲಿಂಗ್ ಮೇಲೆ ಅದು 25 ಕಿಲೋ ಭಾರ ಒಳಗಿನಿಂದ ಒತ್ತಿದ ಹಾಗೆ. ಹಳೆಯ ಗಾಡಿಯ ವೆಂಟ್ ಮುಚ್ಚಳ, ಮಾಡಿನ ರಬ್ಬರ್ ಹಾಳೆ ಎರಡೂ ಮೇಲೇಳಬಹುದು. ನಾನು 10 ಮಿಲಿಮೀಟರ್ ಆಸುಪಾಸಿನಲ್ಲೇ ನಿಲ್ಲಿಸಿದೆ. ಗುಳ್ಳೆ ಏಳಲು ಅದಕ್ಕಿಂತ ಜಾಸ್ತಿ ಬೇಕಾಗಲೇ ಇಲ್ಲ.

ಸೋಪಿನ ನೀರಿಗೆ ಪಾತ್ರೆ ತೊಳೆಯುವ ದ್ರವ, ಒಂದಕ್ಕೆ ಹತ್ತರಷ್ಟು ನೀರು. ಬರೀ ಅಷ್ಟೇ ಹಾಕಿದರೆ ನೊರೆ ಬೇಗ ಆರುತ್ತದೆ, ಸಣ್ಣ ಗುಳ್ಳೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಎಲ್ಲರ ಅಡುಗೆಮನೆಯಲ್ಲೂ ಇರುವಂಥದ್ದೇ. ಹೆಸರು ಮಾತ್ರ ಇಲ್ಲಿ ಹೇಳುವುದಿಲ್ಲ, ಸ್ವಲ್ಪ ನೀವೂ ಹುಡುಕಿ. ಬಿಸಿಲು, ಗಾಳಿ ಎರಡೂ ಇಲ್ಲದ ಬೆಳಗಿನ ಹೊತ್ತೇ ಆಗಬೇಕು.

ಯಜಮಾನರು ಒಳಗೆ, ಕಣ್ಣು ನೀರಿನ ಮಟ್ಟದ ಮೇಲೆ. ನಾನು ಏಣಿ ಮೇಲೆ. ಎಲ್ಲರೂ ಬೈದ ವೆಂಟಿನ ಸುತ್ತ ಮೊದಲು ಚಿಮುಕಿಸಿದೆ. ಒಂದು ಗುಳ್ಳೆ ಇಲ್ಲ! ಹಿಂದಿನ ಮಾಲೀಕರ ಸಿಲಿಕೋನ್ ನೋಡಲು ಅಸಹ್ಯ, ಆದರೆ ಬಿಗಿಯಾಗಿಯೇ ಇತ್ತು. ಹಿಂದಿನ ಗೋಡೆಗೆ ಬಂದರೆ ಕಥೆ ಬೇರೆ. ಮಾಡಿಗೆ ಹತ್ತುವ ಏಣಿಯ ಮೇಲಿನ ಕಾಲು ಗೋಡೆಗೆ ಕೂತ ಜಾಗದಲ್ಲಿ ನೊರೆ ಉಕ್ಕಿ ಉಕ್ಕಿ ಬಂತು. ಅಂಚಿನ ಅಲ್ಯೂಮಿನಿಯಂ ಪಟ್ಟಿಯಲ್ಲಿ ಸ್ಕ್ರೂ ಮುಚ್ಚುವ ಪ್ಲಾಸ್ಟಿಕ್ ಎಳೆ ಇರುತ್ತದಲ್ಲ, ಅದನ್ನು ಎಳೆದು ತೆಗೆದರೆ ಕೆಳಗೆ ತುಕ್ಕು ತಿಂದ ಸ್ಕ್ರೂ ಸಾಲು. ಅದರಲ್ಲಿ ಐದಾರು ಗುಳ್ಳೆ ಬಿಟ್ಟವು. ಮೇಲಿನ ಕೆಂಪು ದೀಪದ ಹಿಂದೆಯೂ ಒಂದು. ಏಣಿ ವಿಷಯದಲ್ಲಿ ಆಶ್ಚರ್ಯ ಪಡಬೇಕಿಲ್ಲ ಬಿಡಿ. ಮನುಷ್ಯರ ಭಾರ ಬಿದ್ದಾಗಲೆಲ್ಲ ಆ ಸ್ಕ್ರೂ ಒಂದು ಕೂದಲಿನಷ್ಟು ಅಲುಗುತ್ತದೆ. ಸಂದು ಮುಚ್ಚುವ ಅಂಟು, ಎಂಥ ಸೀಲೆಂಟ್ ಆದರೂ ಎಷ್ಟು ವರ್ಷ ತಡೆದೀತು? ಎದುರುಮನೆಯವರು ಕುರ್ಚಿ ಬಿಟ್ಟು ಎದ್ದು ಬಂದು ನೋಡಿದರು.

ರಿಪೇರಿ ಬಗ್ಗೆ ನಿಮಗೆ ಗೊತ್ತಿರುವುದನ್ನು ಮತ್ತೆ ಹೇಳುವುದಿಲ್ಲ. ಎರಡು ಮಾತು ಮಾತ್ರ. ಒಂದು, ಒಣಗಿಸುವುದು. ಏಣಿ ಬಿಚ್ಚಿ, ಕಪಾಟಿನ ಹಲಗೆ ತೆಗೆದು, ಸಣ್ಣ ಫ್ಯಾನ್ ಇಟ್ಟು ವಾರಗಟ್ಟಲೆ ಬಿಟ್ಟೆವು. ಮೀಟರ್ 15ಕ್ಕಿಂತ ಕೆಳಗೆ ಬರುವವರೆಗೆ ಒಂದು ಸ್ಕ್ರೂವನ್ನೂ ಹಾಕಲಿಲ್ಲ. ಒದ್ದೆ ಮರವನ್ನು ಒಳಗೆ ಮುಚ್ಚಿ ಸೀಲ್ ಮಾಡಿದರೆ ಮುಂದೆ ಗೋಡೆಯೇ ಉಬ್ಬುತ್ತದೆ. ಮೆತ್ತಗಾದ ಸ್ಕ್ರೂ ತೂತುಗಳಿಗೆ ಗಟ್ಟಿಯಾಗುವ ಅಂಟು ಎಪಾಕ್ಸಿ, ಏಣಿಯ ಪಾದದ ಕೆಳಗೆ ಮೆತ್ತಗಿನ ರಬ್ಬರ್ ಅಂಟುಪಟ್ಟಿ, ಬ್ಯುಟೈಲ್ ಟೇಪ್. ಸ್ಕ್ರೂ ಬಿಗಿದಾಗ ಟೇಪು ನಾಲ್ಕೂ ಕಡೆ ಹೊರಗೆ ಉಕ್ಕಬೇಕು. ಮರುದಿನ ಮತ್ತೆ ಕಾಲು ಸುತ್ತು ಬಿಗಿಯಿರಿ, ಟೇಪು ಅಷ್ಟರಲ್ಲಿ ಕೂತಿರುತ್ತದೆ.

ಎರಡು, ಸಿಲಿಕೋನ್. ಅದರ ಕಲೆ ಉಳಿದ ಜಾಗಕ್ಕೆ ಬೇರೆ ಯಾವ ಸೀಲೆಂಟೂ ಕಚ್ಚುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಕಣ್ಣಿಗೆ ಕಾಣದ ತೆಳು ಪದರ ಸಾಕು, ಕೆಲಸ ಕೆಟ್ಟಿತು. ರಬ್ಬರ್ ಮಾಡಿನ ಮೇಲೆ ಪೆಟ್ರೋಲ್, ಥಿನ್ನರ್ ತಾಗಿಸುವ ಹಾಗಿಲ್ಲ, ರಬ್ಬರ್ ಉಬ್ಬುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್ ಹಿಡಿದು ಉಜ್ಜಬೇಕು, ಬೇರೆ ದಾರಿ ಇಲ್ಲ. ಕೊನೆಯ ಆ ತೆಳು ಪದರ ತೆಗೆಯಲು ನನ್ನದೊಂದು ಉಪಾಯ ಇದೆ, ಅದನ್ನು ಇನ್ನೊಂದು ಸಲ ಬರೆಯುತ್ತೇನೆ. ಸಮತಟ್ಟಾದ ಮಾಡಿಗೆ ತಾನೇ ಹರಡಿಕೊಳ್ಳುವ ಸೀಲೆಂಟ್, ಗೋಡೆಗೆ ಇಳಿಯದೆ ನಿಲ್ಲುವ ಸೀಲೆಂಟ್. ಇವೆರಡನ್ನು ಅದಲು ಬದಲು ಮಾಡಿದರೆ ಗೋಡೆ ತುಂಬಾ ಬಿಳಿ ಗೆರೆ.

ಎಲ್ಲಾ ಮುಗಿದ ಮೇಲೆ ಬ್ಲೋವರನ್ನು ಕಮ್ಮಿ ವೇಗದಲ್ಲಿ ಮತ್ತೆ ಹಾಕಿದೆವು. ಮೊದಲು ಅದೇ ವೇಗಕ್ಕೆ ನೀರು 6 ಮಿಲಿಮೀಟರ್ ಕೂಡ ಕಷ್ಟದಲ್ಲಿ ಏರುತ್ತಿತ್ತು. ಈಗ 11, 12ಕ್ಕೆ ಹೋಯಿತು. ಗಾಳಿ ಸೋರುವ ದಾರಿ ಕಮ್ಮಿಯಾದರೆ ಒತ್ತಡ ಏರಲೇಬೇಕು ಅಲ್ವಾ? ಈ ಒಂದು ಅಳತೆ ನನಗೆ ಕೊಟ್ಟ ಧೈರ್ಯವನ್ನು ಯಾವ ವರ್ಕ್‌ಶಾಪಿನ ರಸೀದಿಯೂ ಕೊಡುತ್ತಿರಲಿಲ್ಲ. ಆಮೇಲೆ ಒಳ್ಳೆಯ ಮಳೆಗಾಲ ದಾಟಿದೆ, ಕಪಾಟಿನ ಮೂಲೆ 13ರಲ್ಲೇ ನಿಂತಿದೆ.

ಕೈಯಲ್ಲಿ ಬ್ಲೋವರ್ ಇದ್ದ ಮೇಲೆ ಮನೆ ಸುಮ್ನೆ ಬಿಡುತ್ತದೆಯೇ! ಮನೆಗೆ ಸೋಪು ಬೇಡ. ಒಂದು ಕಿಟಕಿಯಲ್ಲಿ ಫ್ಯಾನನ್ನು ಹೊರಗೆ ಊದುವಂತೆ ಇಟ್ಟು, ಉಳಿದ ಬಾಗಿಲು ಕಿಟಕಿ ಮುಚ್ಚಿ, ಒದ್ದೆ ಕೈ ಹಿಡಿದು ಸುತ್ತಾಡಿದರೆ ಸಾಕು. ಗಾಳಿ ನುಗ್ಗುವ ಜಾಗ ಕೈಗೆ ತಣ್ಣಗೆ ತಾಗುತ್ತದೆ. ಕಿಟಕಿಗಿಂತ ಜಾಸ್ತಿ ಗಾಳಿ ಬರುತ್ತಿದ್ದುದು ಬಚ್ಚಲ ಪೈಪು ಗೋಡೆ ದಾಟುವ ತೂತಿನಿಂದ, ಸ್ವಿಚ್ ಬಾಕ್ಸ್‌ಗಳ ಸಂದಿನಿಂದ. ಕಾಂಕ್ರೀಟ್ ತಾರಸಿಯ ಸೋರಿಕೆಗೆ ಈ ಉಪಾಯ ನಡೆಯುವುದಿಲ್ಲ, ಪ್ರಯತ್ನಿಸಿ ಹೊತ್ತು ಕಳೆಯಬೇಡಿ.

ಜಾರುವ ಕಿಟಕಿಯ ಕೆಳಗೆ ನೀರು ನಿಂತರೆ, ಮನೆಯದಾಗಲಿ ಗಾಡಿಯದಾಗಲಿ, ಸೀಲೆಂಟ್ ಡಬ್ಬಿ ಮುಟ್ಟುವ ಮುಂಚೆ ಹೊರ ಅಂಚಿನ ಸಣ್ಣ ಕಿಂಡಿಗಳನ್ನು ನೋಡಿ. ಹಳಿಗೆ ಬಿದ್ದ ನೀರು ಹೊರಗೆ ಹೋಗಲೆಂದೇ ಅವನ್ನು ಬಿಟ್ಟಿರುತ್ತಾರೆ. ಧೂಳು ಕಟ್ಟಿದರೆ ನೀರು ಒಳಗೆ ಬರುತ್ತದೆ. ತೆಳು ತಂತಿ ಹಾಕಿ ಕೆದಕಿದರೆ ಮುಗಿಯಿತು. ಅವು ಬೇಡದ ತೂತು ಅಂದುಕೊಂಡು ಸೀಲ್ ಮಾಡಿದವರನ್ನು ನೋಡಿದ್ದೇನೆ. ಆಮೇಲೆ ಪ್ರತಿ ಮಳೆಗೂ ಬಟ್ಟೆ ಹಿಂಡುವುದೇ ಅವರ ಕೆಲಸ.

ಗಾಡಿಗೆ ಹೋದ ಖರ್ಚು: ಮೀಟರ್, ಬ್ಯುಟೈಲ್ ಟೇಪ್, ಎರಡು ತರದ ಸೀಲೆಂಟ್, ಎಪಾಕ್ಸಿ, ತುಕ್ಕು ಹಿಡಿಯದ ಸ್ಕ್ರೂ. ಬ್ಲೋವರ್ ಮನೆಯದೇ. ಕ್ಯಾಮೆರಾ ಬಾಡಿಗೆ ಸೇರಿಸಿದರೂ ವರ್ಕ್‌ಶಾಪಿನ ಅಂದಾಜಿನ ಇಪ್ಪತ್ತನೇ ಒಂದು ಪಾಲು ದಾಟಲಿಲ್ಲ. ಉಳಿದ ದುಡ್ಡು ಉಳಿಯಲು ಗಾಡಿ ಬಿಡಬೇಕಲ್ಲ. ಟೈರುಗಳ ಪಕ್ಕದಲ್ಲಿ ಒತ್ತಿರುವ ತಯಾರಿಕೆಯ ನಾಲ್ಕಂಕಿ ತಾರೀಖು ನೋಡಿದರೆ ಏಳನೇ ವರ್ಷ ನಡೆಯುತ್ತಿದೆ. ಗೆರೆ ಇನ್ನೂ ಆಳ ಇದೆ, ಆದರೆ ನಿಂತೇ ಇರುವ ಗಾಡಿಯ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಬ್ಯಾಟರಿಯೂ ಪೂರ್ತಿ ಚಾರ್ಜ್ ಮಾಡಿ ಬಿಟ್ಟರೆ ಮರುದಿನ 12.7 ವೋಲ್ಟ್ ನಿಲ್ಲುವ ಬದಲು 12.3ಕ್ಕೆ ಜಾರುತ್ತಿದೆ.

ಎದುರುಮನೆಯವರು ಬ್ಲೋವರ್ ಹಲಗೆ ಎರವಲು ಕೇಳಿದ್ದಾರೆ. ಅವರ ಗಾಡಿಯ ಕಿಟಕಿ ಅಳತೆಯೇ ಬೇರೆ, ಹಲಗೆ ಅವರೇ ಕೊಯ್ದುಕೊಳ್ಳಬೇಕು. ಸೋಪಿನ ನೀರು ಮಾತ್ರ ನಾನೇ ಕಲಸಿ ಕೊಡುತ್ತೇನೆ ಅಂದಿದ್ದೇನೆ.