ಬ್ಲೂ ಮೇಜ್ ಆಗೋದು ಹೇಗೆ, ಮಂತ್ರಗಳನ್ನು ಕೂಡಿಹಾಕೋದು ಹೇಗೆ

ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಗೇಮ್‌ನಲ್ಲಿ ನನಗೆ ತುಂಬಾ ಇಷ್ಟದ ಜಾಬ್ (ಅಂದರೆ ನಮ್ಮ ಪಾತ್ರದ ಬಗೆ) ಬ್ಲೂ ಮೇಜ್, ಶತ್ರುಗಳ ಮಂತ್ರ ಕಲಿತು ಬಳಸುವ ಮಾಂತ್ರಿಕ. 2019ರಲ್ಲಿ ಬಂತು. ಇದನ್ನು ತೆರೆಯಲು ಯಾವುದಾದರೂ ಒಂದು ಯುದ್ಧದ ಜಾಬ್ 50ನೇ ಲೆವೆಲ್ ತಲುಪಿರಬೇಕು, ಮುಖ್ಯ ಕಥೆಯಲ್ಲಿ 'ದಿ ಅಲ್ಟಿಮೇಟ್ ವೆಪನ್' ಮುಗಿದಿರಬೇಕು. ಆಮೇಲೆ ಲಿಮ್ಸಾ ಲೊಮಿನ್ಸಾ ನಗರದ ಲೋವರ್ ಡೆಕ್ಸ್‌ಗೆ ಹೋಗಿ 'ಔಟ್ ಆಫ್ ದಿ ಬ್ಲೂ' ಕ್ವೆಸ್ಟ್ ತೆಗೆದುಕೊಳ್ಳಿ. ಅಷ್ಟೇ.

ನಿಜವಾದ ಕೆಲಸ ಶುರುವಾಗೋದು ಇಲ್ಲಿಂದ. ಕೈಯಲ್ಲಿ ಇರೋದು ವಾಟರ್ ಕ್ಯಾನನ್ ಅನ್ನೋ ಮಂತ್ರ ಒಂದೇ, ಉಳಿದ ಮಂತ್ರಗಳಲ್ಲಿ ಹೆಚ್ಚಿನವನ್ನು ಶತ್ರುಗಳಿಂದಲೇ ಕಲಿಯಬೇಕು. ಮಿಡಲ್ ಲಾ ನೋಸಿಯಾ ಪ್ರದೇಶದ ಗಾಬ್ಲಿನ್ ಸಿಕ್ಕಿದ ಕೂಡಲೇ ಹೊಡೆದು ಕೊಲ್ಲಬೇಡಿ, ಸ್ವಲ್ಪ ತಡೆಯಿರಿ, ಅದು ನಿಮ್ಮ ಮೇಲೆ ಬಾಂಬ್ ಎಸೆಯೋದನ್ನು ಕಣ್ಣಾರೆ ನೋಡಿ, ಆಮೇಲೆ ಮುಗಿಸಿ. ಅವಸರ ಮಾಡಿದರೆ ಏನೂ ಸಿಗಲ್ಲ. ಒಂದೇ ಸಲಕ್ಕೆ ಬರದಿದ್ದರೆ ಬೇಜಾರಾಗಬೇಡಿ, ಮತ್ತೆ ಪ್ರಯತ್ನಿಸಿ. ಒಮ್ಮೆ ಕಲಿತ ಮಂತ್ರ ಮಾತ್ರ ಎಲ್ಲೂ ಹೋಗುವುದಿಲ್ಲ.

ಒಂದು ಸಲಕ್ಕೆ 24 ಮಂತ್ರ ಮಾತ್ರ ಜೋಡಿಸಿಕೊಳ್ಳಬಹುದು, ಅದಕ್ಕೇ ಒಬ್ಬರೇ ಆಡುವಾಗ ಒಂದು ಸೆಟ್, ಗುಂಪಿನಲ್ಲಿ ಆಡುವಾಗ ಇನ್ನೊಂದು ಸೆಟ್ ಇಟ್ಟುಕೊಳ್ಳಿ. ಸೋಲ್ ಕ್ರಿಸ್ಟಲ್ (ಬ್ಲೂ ಮೇಜ್ ಆಗಲು ತೊಡುವ ಕಲ್ಲು) ಸೇರಿಸಿಯೇ ಗೇರ್ ಸೆಟ್, ಅಂದರೆ ತೊಟ್ಟ ಸಾಮಗ್ರಿಗಳ ಪಟ್ಟಿ, ಸೇವ್ ಮಾಡಿ. ಗುಂಪಾಗಿ ಆಡಲು ಜೊತೆಗಾರರನ್ನು ಹುಡುಕಿಕೊಡುವ ಡ್ಯೂಟಿ ಫೈಂಡರ್‌ನಲ್ಲಿ ಅಪರಿಚಿತರ ಜೊತೆ ಕ್ಯೂ ಹಾಕಲು ಬರುವುದಿಲ್ಲ, ಹಾಗಾಗಿ ಬ್ಲೂ ಮೇಜ್ ಆಡುವ ಇತರರನ್ನು ಮೊದಲೇ ಜೊತೆ ಮಾಡಿಕೊಳ್ಳಿ.