ಹಡಗು ಕಾಯೋದಿಲ್ಲ: ಎಫೆಸಸ್‌ನಲ್ಲಿ ನಮ್ಮ ಒಂದು ದಿನ

ಮಗ ಜರ್ಮನಿಯಲ್ಲಿದ್ದಾನೆ. ಜೂನ್‌ನಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡು, ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಕ್ರೂಸ್ ಹತ್ತಿಸಿದ. ನಾವು ಬಾಗಲಕೋಟೆ ನವನಗರದವರು. ಅಲ್ಲಿಯವರೆಗೆ ನೀರಿನ ಮೇಲೆ ಹೋಗಿದ್ದು ಅಂದರೆ ಹೊಳೆಯ ದೋಣಿಯಲ್ಲಿ ಅಷ್ಟೇ.

ಕ್ರೂಸ್‌ನ ಕಥೆ ಹೀಗೆ. ಹಡಗು ರಾತ್ರಿ ಓಡುತ್ತದೆ, ಬೆಳಿಗ್ಗೆ ಒಂದು ಊರಿನಲ್ಲಿ ನಿಲ್ಲುತ್ತದೆ, ಸಂಜೆಯೊಳಗೆ ನಾವು ವಾಪಸ್ ಹತ್ತಬೇಕು. ಹಡಗಿನವರ ಬಸ್ಸಿನಲ್ಲಿ ಹೋದರೆ, ಬಸ್ಸು ತಡವಾದರೂ ಹಡಗು ಕಾಯುತ್ತದೆ. ಸ್ವಂತ ಹೋದರೆ ಕಾಯೋದಿಲ್ಲ. ತಪ್ಪಿಸಿಕೊಂಡವರು ಕೈಯಿಂದ ದುಡ್ಡು ಹಾಕಿ ಮುಂದಿನ ಬಂದರು ಸೇರಬೇಕು. ಆದರೂ ನಾವು ಸ್ವಂತವೇ ಹೋದೆವು. ನಮ್ಮ ಮನೆಯವರಿಗೆ ಮೊಣಕಾಲು ನೋವು. ನಲವತ್ತು ಜನರ ಗುಂಪಿನ ಹಿಂದೆ, ಬಾವುಟ ಹಿಡಿದ ಗೈಡಿನ ವೇಗಕ್ಕೆ ಅವರು ನಡೆಯೋದು ಆಗದ ಮಾತು.

ಎಫೆಸಸ್ ಅಂದರೆ ಟರ್ಕಿಯಲ್ಲಿರುವ ಪುರಾತನ ಗ್ರೀಕ್-ರೋಮನ್ ಊರಿನ ಅವಶೇಷ. ಅದನ್ನು ನೋಡಲು ನಾವು ಇಳಿಯಬೇಕಾದ ಬಂದರು ಕುಶಾದಾಸಿ. ಅಲ್ಲಿ ಇಳಿಯುವ ಹಿಂದಿನ ರಾತ್ರಿ ಮಗ ಕಾಗದ ಪೆನ್ನು ತಗೊಂಡು ಕೂತ. "ಅವ್ವಾ, ಉಲ್ಟಾ ಎಣಿಸೋಣು" ಅಂದ. ಹಡಗು ಹೊರಡೋದು 5 ಗಂಟೆಗೆ, ಎಲ್ಲರೂ ಒಳಗಿರಬೇಕಾದದ್ದು 4:30ಕ್ಕೆ. ಅದರಿಂದ ಒಂದೂವರೆ ತಾಸು ಹಿಂದೆ ಬಂದು, 3ಕ್ಕೆ ನಾವು ಕುಶಾದಾಸಿ ಊರೊಳಗೆ ಇರಲೇಬೇಕು ಅಂತ ಗೆರೆ ಎಳೆದ. ಆಮೇಲೆ, ದೂರದ್ದು ಮೊದಲು, ಹಡಗಿನ ಹತ್ತಿರದ್ದು ಕೊನೆಗೆ. ಕೊನೆಗೆ ಇಟ್ಟಿದ್ದು ಬಿಟ್ಟರೂ ಅಳಬಾರದಂಥದ್ದಾಗಿರಬೇಕು. ನಾವು ಕೊನೆಗೆ ಇಟ್ಟಿದ್ದು ಬಂದರಿನ ಪಕ್ಕದ ಪಾರಿವಾಳದ ನಡುಗಡ್ಡೆ, ಅದರ ಮೇಲೊಂದು ಪುಟ್ಟ ಕೋಟೆ. ಕುಶಾದಾಸಿ ಅಂದರೇನೇ ಹಕ್ಕಿಗಳ ದ್ವೀಪ ಅಂತ.

ಬೆಳಿಗ್ಗೆ ಬಂದರಿನ ಹೊರಗೆ ಟ್ಯಾಕ್ಸಿ ಮಾತಾಡಿದೆವು. ಹೋಗಿ ಬರುವುದು, ಕಾಯುವುದು ಎಲ್ಲ ಸೇರಿ ಇಷ್ಟು ಅಂತ ಮೊದಲೇ ಕಾಗದದಲ್ಲಿ ಬರೆಸಿಕೊಂಡೆವು. ಕೈಗಡಿಯಾರಕ್ಕೆ ಹಡಗಿನ ಟೈಮ್ ಇಟ್ಟಿದ್ದೆ. ಫೋನ್ ತಾನಾಗಿಯೇ ಟೈಮ್ ಬದಲಿಸಿಕೊಳ್ಳುತ್ತದೆ, ಅದನ್ನು ನಂಬಬಾರದು. ಬೇಸಿಗೆಯಲ್ಲಿ ಗ್ರೀಸಿಗೂ ಟರ್ಕಿಗೂ ಒಂದೇ ಟೈಮು, ಚಳಿಗಾಲದಲ್ಲಿ ಒಂದು ತಾಸು ಫರಕು.

ಎಫೆಸಸ್ ಅಲ್ಲಿಂದ ಸುಮಾರು 20 ಕಿ.ಮೀ. ಎರಡು ಗೇಟುಗಳಿವೆ, ಒಂದು ಮೇಲೆ, ಒಂದು ಕೆಳಗೆ. ಮೇಲಿನ ಗೇಟಿನಲ್ಲಿ ಇಳಿದು ಕೆಳಗಿನ ಗೇಟಿನಲ್ಲಿ ಹೊರಬಂದರೆ ಇಳಿಜಾರಿನಲ್ಲೇ ನಡಿಗೆ. ಮೊಣಕಾಲು ನೋವಿನವರಿಗೆ ಇದು ಗೊತ್ತಿರಲೇಬೇಕು. ಡ್ರೈವರ್ ಕೆಳಗೆ ಹೋಗಿ ಕಾಯುತ್ತಾನೆ. ಇನ್ನೊಂದು ಮಾತು, ಚಪ್ಪಲಿ ಬೇಡ. ಅಲ್ಲಿನ ಬೀದಿಯ ಅಮೃತಶಿಲೆ ಕಾಲು ಉಜ್ಜಿ ಉಜ್ಜಿ ಗಾಜಿನ ಹಾಗಾಗಿದೆ. ನಮ್ಮವರು ಚರ್ಮದ ಚಪ್ಪಲಿ ಹಾಕಿಕೊಂಡು ಎರಡು ಸಲ ಜಾರಿ ಮಗನ ಭುಜ ಹಿಡಿದರು. ನೆರಳಂತೂ ಇಲ್ಲವೇ ಇಲ್ಲ.

ಇಳಿಜಾರಿನ ತುದಿಯಲ್ಲಿ ಸೆಲ್ಸಸ್ ಗ್ರಂಥಾಲಯ. ಎರಡನೇ ಶತಮಾನದ್ದು. ಈಗ ನಿಂತಿರುವ ಮುಂಭಾಗವನ್ನು 1970ರಿಂದ 1978ರವರೆಗೆ ಬಿದ್ದ ಕಲ್ಲುಗಳನ್ನು ಜೋಡಿಸಿ ಎಬ್ಬಿಸಿದ್ದು. ಸೆಲ್ಸಸ್ ಅನ್ನೋ ಅಧಿಕಾರಿಯ ನೆನಪಿಗೆ ಅವನ ಮಗ ಕಟ್ಟಿಸಿದ, ಅಪ್ಪನ ಸಮಾಧಿ ಒಳಗೇ ಇದೆ. ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಗಂಡ ಕಂಚಿ ಗೆದ್ದ ನೆನಪಿಗೆ ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ್ದಲ್ವಾ. ನಾನು ಮಗನಿಗೆ ಅದನ್ನು ಹೇಳಿದರೆ, ಅವರಪ್ಪ "ಹಂಗಾರ ನಂಗೇನು ಕಟ್ಟಸ್ತೀರಿ ಇಬ್ರೂ?" ಅಂದರು.

ಅಲ್ಲಿಂದ ಮುಂದೆ ದೊಡ್ಡ ರಂಗಮಂದಿರ, ಸುಮಾರು 25,000 ಜನ ಕೂರುವಂಥದ್ದು. ಅದರ ಎದುರು ನೆಟ್ಟಗೆ ಒಂದು ಬೀದಿ, ಅರ್ಧ ಕಿ.ಮೀ.ಗೂ ಸ್ವಲ್ಪ ಜಾಸ್ತಿ ಉದ್ದ. ಬಂದರು ಬೀದಿ ಅಂತ ಹೆಸರು. ತುದಿಯಲ್ಲಿ ಬಂದರೇ ಇಲ್ಲ, ಜೊಂಡು ಬೆಳೆದ ಜೌಗು ನೆಲ. ನದಿ ತಂದ ಹೂಳು ತುಂಬಿ ತುಂಬಿ, ಸಮುದ್ರ ಈಗ 5-6 ಕಿ.ಮೀ. ಆಚೆ ಸರಿದಿದೆ. ಹಡಗು ಬರುವುದು ನಿಂತಿತು, ಊರು ಕರಗಿತು. ನಾನು ಅಲ್ಲೇ ಒಂದು ಕಂಬದ ಬುಡದಲ್ಲಿ ಕೂತೆ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ನಮ್ಮ ಓಣಿ ಹೋಯಿತು. ಮನೆಯ ಬಾಗಿಲು, ಕಿಟಕಿ, ತೊಲೆ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿ ನವನಗರಕ್ಕೆ ಬಂದವರು ನಾವು. ಇವರ ನೀರು ಬಿಟ್ಟು ಹೋಯಿತು, ನಮ್ಮ ನೀರು ಒಳಗೆ ಬಂತು. ಮಗ ಫೋಟೊ ತೆಗೀತೀನಿ ಅಂದ, ಬೇಡ ಅಂದೆ.

ಊಟಕ್ಕೆ ಪಕ್ಕದ ಸೆಲ್ಚುಕ್ ಊರು. ಹಳೆಯ ನೀರಿನ ಕಾಲುವೆಯ ಕಂಬಗಳ ಮೇಲೆ ಕೊಕ್ಕರೆ ಗೂಡುಗಳು. ಅಲ್ಲೇ ಇರುವ ಆರ್ಟೆಮಿಸ್ ಅನ್ನೋ ಗ್ರೀಕ್ ದೇವಿಯ ಗುಡಿ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿತ್ತು, ಈಗ ಒಂದೇ ಕಂಬ ನಿಂತಿದೆ. ಐದು ನಿಮಿಷ ಸಾಕು.

ಒಂದು ಸಣ್ಣ ಹೋಟೆಲಿನಲ್ಲಿ ಹೆಂಗಸೊಬ್ಬಳು ನೆಲದ ಮೇಲೆ ಕೂತು ಗೋಜ್ಲೆಮೆ ಮಾಡುತ್ತಿದ್ದಳು. ಬೆರಳು ದಪ್ಪದ ಉದ್ದ ಕೋಲಿಗೆ ಹಿಟ್ಟಿನ ಹಾಳೆ ಸುತ್ತಿ, ಉರುಳಿಸಿ, ಬಿಚ್ಚಿ, ತಿರುಗಿಸಿ ಮತ್ತೆ ಸುತ್ತುತ್ತಾಳೆ. ನಾಲ್ಕೇ ಸುತ್ತಿಗೆ ಆಚೆ ಕಡೆ ಕಾಣುವಷ್ಟು ತೆಳು. ಒಳಗೆ ಪಾಲಕ್, ಚೀಸ್ ಇಟ್ಟು ಮಡಚಿ ಉಬ್ಬಿದ ಹಂಚಿನ ಮೇಲೆ ಹಾಕುತ್ತಾಳೆ. ನಾನು ಕೈಯಿಂದ ರೊಟ್ಟಿ ಬಡಿದು ತೋರಿಸಿದೆ, ಅವಳು ನಕ್ಕಳು. ಚೀಲದಲ್ಲಿದ್ದ ಶೇಂಗಾ ಚಟ್ನಿ ಪುಡಿ ಹೊರಗೆ ಬಂತು. ಕುಡಿಯಲು ಐರಾನ್. ನಮ್ಮವರು ಒಂದು ಗುಟುಕು ಕುಡಿದು, "ಇದು ನಮ್ಮ ಮಜ್ಜಿಗಿನ ಐತಲ್ಲ!" ಅಂತ ಇನ್ನೊಂದು ಲೋಟ ತರಿಸಿದರು.

ಎಡವಟ್ಟಾಗಿದ್ದು ವಾಪಸ್ ಬರುವಾಗ. ಡ್ರೈವರ್ ಸುಮ್ನೆ ಹತ್ತು ನಿಮಿಷ ಅಂತ ಚರ್ಮದ ಜಾಕೆಟ್ ಅಂಗಡಿ ಮುಂದೆ ನಿಲ್ಲಿಸಿದ. ಸೇಬಿನ ಚಹಾ ಕೊಟ್ಟರು. ಚಹಾ ಕೊಟ್ಟ ಮೇಲೆ ಎದ್ದು ಬರುವುದು ನಮ್ಮ ಕಡೆಯವರಿಗೆ ಕಷ್ಟ. ಜೂನ್ ಬಿಸಿಲಲ್ಲಿ ನಮ್ಮವರಿಗೆ ಮೂರು ಜಾಕೆಟ್ ಹಾಕಿ ಹಾಕಿ ತೆಗೆದರು. ಮುಕ್ಕಾಲು ತಾಸು ಹೋಯಿತು. "ಅಂಗಡಿಗೆ ನಿಲ್ಲಿಸಬಾರದು" ಅನ್ನೋದನ್ನೂ ಆ ಕಾಗದದಲ್ಲಿ ಬರೆಸಬೇಕಿತ್ತು.

ಕುಶಾದಾಸಿ ಮುಟ್ಟಿದಾಗ 2:50. ನಡುಗಡ್ಡೆ ಬಿಟ್ಟೆವು. ಎಳ್ಳು ಮೆತ್ತಿದ ಸಿಮಿತ್ ಬಳೆರೊಟ್ಟಿ ಕೊಂಡು, ಬಂದರಿನ ಕಟ್ಟೆಯ ಮೇಲೆ ಕೂತು ಆ ಕೋಟೆಯನ್ನು ದೂರದಿಂದಲೇ ನೋಡುತ್ತಾ ತಿಂದೆವು. ನಾವು ಹಡಗು ಹತ್ತಿ ಮೇಲಿನ ಡೆಕ್ಕಿನಲ್ಲಿ ನಿಂತಾಗ, ಕೆಳಗೆ ಇಬ್ಬರು ಚೀಲ ಹಿಡಿದು ಓಡಿ ಬರುತ್ತಿದ್ದರು. ಮೇಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅವರು ಹತ್ತಿದರು, ಪುಣ್ಯಕ್ಕೆ.

ದೀಪಾವಳಿಗೆ ಬೆಂಗಳೂರಿನಿಂದ ತಂಗಿಯ ಮಕ್ಕಳು ಬಂದಾಗ ನಾನೂ ಹೀಗೇ ಉಲ್ಟಾ ಎಣಿಸಿದೆ. ರಾತ್ರಿ ಬಾದಾಮಿ ಸ್ಟೇಷನ್ನಿನಲ್ಲಿ ರೈಲು. ಸ್ಟೇಷನ್ ಊರಿಂದ 5 ಕಿ.ಮೀ. ದೂರ. ಹಾಗಾಗಿ ಬೆಳಿಗ್ಗೆ ಮೊದಲು ಐಹೊಳೆ, ಆಮೇಲೆ ಪಟ್ಟದಕಲ್ಲು, ಮಧ್ಯಾಹ್ನದ ಮೇಲೆ ಬಾದಾಮಿಯ ಗುಹೆ, ಕೆರೆ. ದಾರಿಯಲ್ಲಿ ಟೈಮ್ ಉಳಿದರೆ ಮಾತ್ರ ಮಹಾಕೂಟ. ಉಳಿಯಲಿಲ್ಲ. ಮಹಾಕೂಟದ ಹೊಂಡದಲ್ಲಿ ಈಜಬೇಕು ಅಂತ ಚಡ್ಡಿ, ಟವೆಲ್ ಹಿಡಿದುಕೊಂಡು ಬಂದಿದ್ದ ಸಣ್ಣವನು ಸ್ಟೇಷನ್ ಬರೋತನಕ ನನ್ನ ಜೊತೆ ಮಾತಾಡಲಿಲ್ಲ.