ಯಾವ ಕಿತ್ತಳೆ, ಯಾವ ಬೇರಿನ ಮೇಲೆ

ಕಿತ್ತಳೆ ಸಸಿಗೆ ಕಟ್ಟಿದ ಚೀಟಿಯಲ್ಲಿ ಹಣ್ಣಿನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಆ ತಳಿಯನ್ನು ಕಸಿ ಕಟ್ಟಿದ ಬೇರಿನ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ನಾನು ಮೊದಲು ಕೇಳುವುದು ಅದನ್ನೇ. ಹಣ್ಣು ಹಿಡಿಸದಿದ್ದರೆ ಕೊಂಬೆ ಕಡಿದು ಬೇರೆ ತಳಿಯ ಕಣ್ಣು, ಅಂದರೆ ಚಿಗುರುವ ಮೊಗ್ಗು, ಕೂರಿಸಬಹುದು. ಮಣ್ಣಿಗೆ ಒಗ್ಗದ ಬೇರು ಸಿಕ್ಕಿಬಿಟ್ಟರೆ ಮರ ಇರುವವರೆಗೂ ಅದರ ಜತೆ ಏಗುತ್ತಿರಬೇಕು.

ಮೂರೆಲೆಯ ಟ್ರೈಫೋಲಿಯೇಟ್ ಬೇರು ಚಳಿ ತಾಳುತ್ತದೆ, ಬುಡ ಕೊಳೆಸುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣುವಿಗೂ ಬಗ್ಗುವುದಿಲ್ಲ, ಅದರ ಮೇಲಿನ ಹಣ್ಣೂ ಸಿಹಿ. ಆದರೆ ಸುಣ್ಣದ ಮಣ್ಣು ಅದಕ್ಕೆ ಆಗದು. ಪಿಎಚ್ 7.5 ದಾಟಿದಲ್ಲಿ ಹೊಸ ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದು ಮಿಕ್ಕ ಭಾಗ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಇದರದೇ ಕುಳ್ಳ ರೂಪ ಫ್ಲೈಯಿಂಗ್ ಡ್ರ್ಯಾಗನ್. ಅದರ ಮೇಲೆ ಕಸಿ ಮಾಡಿದ ಮರ ಎರಡು, ಎರಡೂವರೆ ಮೀಟರಿಗೆ ನಿಲ್ಲುವುದರಿಂದ ಕುಂಡಕ್ಕೆ ನಾನು ಬೇರೇನೂ ಬಳಸುವುದಿಲ್ಲ. ಮರಳು ಮಣ್ಣು, ನೀರು ಕಡಿಮೆ ಎಂದಾದರೆ ಜಂಬೇರಿ ಎಂಬ ಒರಟು ನಿಂಬೆಯ ಬೇರು: ಬೇಗ ಬೆಳೆಯುತ್ತದೆ, ಬೇಗ ಕಾಯಿ ಬಿಡುತ್ತದೆ, ಆದರೆ ಹಣ್ಣಿನ ಸಿಪ್ಪೆ ದಪ್ಪ, ರಸ ಸಪ್ಪೆ. ಬುಡದಲ್ಲಿ ನೀರು ನಿಂತರೆ ಅಂಟು ಸೋರಲು ಶುರುವಾಗುತ್ತದೆ. ಉಪ್ಪು ನೀರಿಗೆ ಕ್ಲಿಯೋಪಾತ್ರಾ ಎಂಬ ಸಣ್ಣ ಕಿತ್ತಳೆಯ ಬೇರು ತಾಳುತ್ತದೆ, ಫಸಲಿಗೆ ಮಾತ್ರ ಒಂದೆರಡು ವರ್ಷ ಹೆಚ್ಚು ಕಾಯಬೇಕು. ಹುಳಿ ಕಿತ್ತಳೆಯ ಬೇರು ಸುಣ್ಣದ ಮಣ್ಣಿಗೆ ಹೇಳಿ ಮಾಡಿಸಿದಂತಿದೆ. ಆದರೂ ಗಿಡಹೇನು ಹರಡುವ ಟ್ರಿಸ್ಟೆಜಾ ವೈರಸ್ ಇರುವಲ್ಲಿ ಅದರ ಮೇಲಿನ ಸಿಹಿ ಕಿತ್ತಳೆ ಒಣಗಿ ಸಾಯುತ್ತದೆ, ಹಾಗಾಗಿ ನಾನು ಅದನ್ನು ಬಿಟ್ಟಿದ್ದೇನೆ.

ಇನ್ನು ಹಣ್ಣು. ಸುಲಿಯಲು ಸುಲಭವಾದ ಸಡಿಲ ಸಿಪ್ಪೆಯವು ಒಂದು ಕಡೆ, ಬಿಗಿ ಸಿಪ್ಪೆಯ ಸಿಹಿ ಕಿತ್ತಳೆಗಳು ಇನ್ನೊಂದು ಕಡೆ.

ಒಂದೇ ಮರಕ್ಕೆ ಜಾಗವಿದ್ದರೆ ಸಡಿಲ ಸಿಪ್ಪೆಯ ಸತ್ಸುಮಾ ನೆಡುತ್ತೇನೆ. ಪರಾಗ ಬೇಡ, ಬೀಜವಿಲ್ಲ. ಬಲಿತ ಮರ ಸ್ವಲ್ಪ ಹೊತ್ತಿನ ಮಟ್ಟಿಗೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಇದರಲ್ಲಿ ಎಡವುವುದು ಕೊಯ್ಲಿನಲ್ಲಿ. ಹಣ್ಣಾಗುವಾಗ ರಾತ್ರಿ ತಂಪಿರದಿದ್ದರೆ ಒಳಗೆ ಸಿಹಿ ತುಂಬಿದ್ದರೂ ಹೊರಗೆ ಹಸಿರೇ ಇರುತ್ತದೆ. ಬಣ್ಣ ಬರಲಿ ಎಂದು ಕಾದರೆ ಸಿಪ್ಪೆ ತೊಳೆಯಿಂದ ಬಿಟ್ಟು ಬಲೂನಿನಂತೆ ಉಬ್ಬಿ, ತೊಳೆ ಒಣಗುತ್ತದೆ. ಮರದ ಬೇರೆ ಬೇರೆ ಬದಿಯಿಂದ ಮೂರು ಹಣ್ಣು ಕಿತ್ತು ತಿಂದು ನೋಡಿಯೇ ಕೊಯ್ಲು ನಿರ್ಧರಿಸುತ್ತೇನೆ. ಕಿತ್ತ ಮೇಲೆ ಯಾವ ಕಿತ್ತಳೆಯೂ ಸಿಹಿಯಾಗುವುದಿಲ್ಲ, ಇಟ್ಟು ಮಾಗಿಸಲು ಇದು ಬಾಳೆಯಲ್ಲ.

ಸಡಿಲ ಸಿಪ್ಪೆಯದೇ ಆದ ಕ್ಲೆಮೆಂಟೈನ್ ತನ್ನ ಪರಾಗದಿಂದಲೇ ಬೀಜ ಕಟ್ಟುವುದಿಲ್ಲ. ಪಕ್ಕದಲ್ಲಿ ಬೇರೆ ಜಾತಿಯ ಸಡಿಲ ಸಿಪ್ಪೆಯ ಕಿತ್ತಳೆಯೋ ಚಕ್ಕೋತವೋ ಇದ್ದು ಜೇನು ಹಾರಾಡಿದರೆ ಕಾಯಿ ಹೆಚ್ಚು, ದಪ್ಪವೂ ಹೆಚ್ಚು, ಜತೆಗೆ ಬೀಜವೂ ಬರುತ್ತದೆ. ಒಂಟಿಯಾಗಿದ್ದರೆ ಬೀಜವಿಲ್ಲದ ಚಿಕ್ಕ ಹಣ್ಣು. ಸಸಿ ಕೊಡುವವರು ಸುಳ್ಳು ಹೇಳಿದರು ಎಂದು ಬೈಯುವ ಮುನ್ನ ಬೇಲಿಯಾಚೆ ಏನಿದೆ ಎಂದು ನೋಡುವುದು ಒಳ್ಳೆಯದು. ಮಿನಿಯೋಲಾ ಎಂಬ ಮಿಶ್ರ ತಳಿಯ ಕಷ್ಟ ಇದಕ್ಕೆ ತಿರುಗಾಮುರುಗಾ: ಪರಾಗ ಕೊಡುವ ನೆರೆ ಇಲ್ಲದಿದ್ದರೆ ಅದರಲ್ಲಿ ಕಾಯಿಯೇ ಸರಿಯಾಗಿ ಕಚ್ಚುವುದಿಲ್ಲ.

ಕಿನ್ನೋ, ಮರ್ಕಟ್ ತಳಿಗಳು ರುಚಿಯಲ್ಲಿ ಮುಂದು, ಶಿಸ್ತಿನಲ್ಲಿ ಹಿಂದು. ಒಂದು ವರ್ಷ ಕೊಂಬೆ ಮುರಿಯುವಷ್ಟು ಕಾಯಿ, ಮರುವರ್ಷ ಬೆರಳೆಣಿಕೆ. ಕಾಯಿಯ ಹೊರೆ ಬೇರಿನ ಪಿಷ್ಟವನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಮರ್ಕಟ್ ಅಂತೂ ಅತಿ ಕಾಯಿ ಹೊತ್ತ ವರ್ಷ ಎಲೆ ಹಳದಿಯಾಗಿ ಸತ್ತೇಹೋಗುವುದೂ ಉಂಟು. ಎಳೆಗಾಯಿ ತಾನಾಗಿ ಉದುರುವುದು ನಿಂತ ಮೇಲೆ, ಕಾಯಿ ಗೋಲಿಗಾತ್ರಕ್ಕೆ ಬಂದಾಗ, ಗೊಂಚಲಿಗೆ ಒಂದು ಉಳಿಸಿ, ಕಾಯಿಯಿಂದ ಕಾಯಿಗೆ ಒಂದು ಗೇಣು ಬಿಟ್ಟು ಮಿಕ್ಕದ್ದನ್ನು ಕೀಳುತ್ತೇನೆ. ಕೈ ನಡುಗುತ್ತದೆ, ಆದರೂ ಕೀಳಲೇಬೇಕು.

ಸಿಹಿ ಕಿತ್ತಳೆಗಳಲ್ಲಿ ನೇವಲ್ ತಿನ್ನಲು, ವೆಲೆನ್ಸಿಯಾ ರಸಕ್ಕೆ. ನೇವಲ್ ರಸ ಹಿಂಡಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಲಿಮೋನಿನ್ ಎಂಬ ಅಂಶ ರಸದ ಹುಳಿಯಲ್ಲಿ ನಿಧಾನಕ್ಕೆ ರೂಪುಗೊಳ್ಳುವುದೇ ಕಾರಣ. ಹೂ ಬಿಟ್ಟ ಮೇಲೆ ಬಿಸಿಗಾಳಿ ಬೀಸಿದರೆ ನೇವಲ್ ಕಾಯಿ ರಾಶಿ ಉದುರುತ್ತದೆ, ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ ಕಾಯಿಯ ತುದಿಯಲ್ಲಿರುವ ಹೊಕ್ಕುಳಿನ ಕಡೆಯಿಂದ ಸೀಳುತ್ತದೆ. ವೆಲೆನ್ಸಿಯಾ ಹಣ್ಣಾಗಲು ಹೂವಿನಿಂದ 12–15 ತಿಂಗಳು ಬೇಕು. ಹಳೆ ಹಣ್ಣು, ಹೊಸ ಹೂ ಒಟ್ಟಿಗೇ ಮರದಲ್ಲಿರುತ್ತವೆ. ಬಿಸಿಲು ಏರಿದಾಗ ಮಾಗಿದ ಹಣ್ಣು ಮತ್ತೆ ಹಸಿರಿಗೆ ತಿರುಗಿದರೆ ಗಾಬರಿ ಬೇಡ, ಒಳಗೆ ರುಚಿ ಕೆಡುವುದಿಲ್ಲ.

ಕೆಂಪು ತೊಳೆಯ ಆಸೆಗೆ ಮೊರೊ, ತರೊಕ್ಕೊ ನೆಡುವವರು ರಾತ್ರಿಯ ಚಳಿಯನ್ನು ನೋಡಬೇಕು. ಅವುಗಳ ಕೆಂಪು ಆಂಥೊಸಯನಿನ್ ಎಂಬ ಬಣ್ಣದ ಅಂಶದ್ದು, ಚಳಿಯಿಲ್ಲದೆ ಅದು ಹುಟ್ಟುವುದಿಲ್ಲ. ಸೆಕೆ ಸೀಮೆಯವರಿಗೆ ನಾನು ಹೇಳುವುದು ಕಾರಾ ಕಾರಾ: ಅದರ ಗುಲಾಬಿ ಬಣ್ಣ ಟೊಮೆಟೊದಲ್ಲಿರುವ ಲೈಕೋಪಿನ್‌ನದೇ, ಅದಕ್ಕೆ ಚಳಿ ಬೇಕಿಲ್ಲ.

ಬೀಜದಿಂದ ಬೆಳೆಸಬಹುದೇ? ಬಹಳ ಕಿತ್ತಳೆಗಳ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಕ್ಲೆಮೆಂಟೈನ್ ಹಾಗಲ್ಲ, ಅದರ ಬೀಜದ ಗಿಡ ಏನಾಗುತ್ತದೋ ಹೇಳಲಾಗದು. ಯಾವುದೇ ಆದರೂ ಮುಳ್ಳು ಜಾಸ್ತಿ, ಹೂವಿಗೆ ಆರೇಳು ವರ್ಷ. ಕಣ್ಣು ಕಸಿಯ ಗಿಡ ಮೂರನೆಯ ವರ್ಷಕ್ಕೇ ಕಾಯಿ ತೋರಿಸುತ್ತದೆ.

ಕಸಿಗೆ ಬೇರುಸಸಿ ಪೆನ್ಸಿಲ್ ದಪ್ಪ ಆಗಿರಬೇಕು. ಕಣ್ಣಿನ ಕಡ್ಡಿಯನ್ನು ಕಳೆದ ಚಿಗುರಿನಿಂದ ಬಲಿತ ದುಂಡನೆಯ ರೆಂಬೆಯಿಂದ ತೆಗೆಯುತ್ತೇನೆ. ಮೂರು ಮೂಲೆಯಿರುವ ಎಳೆ ರೆಂಬೆ ಆಗದು. ಎಲೆ ಕತ್ತರಿಸುವಾಗ ತೊಟ್ಟು ಉಳಿಸುತ್ತೇನೆ, ಕಣ್ಣು ಹಿಡಿಯಲು ಅದೇ ಹಿಡಿಕೆ. ನೆಲದಿಂದ 20 ಸೆಂ.ಮೀ. ಮೇಲೆ ಟಿ ಆಕಾರದಲ್ಲಿ ತೊಗಟೆ ಮಾತ್ರ ಸೀಳಿ, ಚಾಕುವಿನ ತುದಿಯಿಂದ ಎತ್ತಿ ನೋಡುತ್ತೇನೆ. ತೊಗಟೆ ಬಾಳೆಸಿಪ್ಪೆಯಂತೆ ಬಿಟ್ಟುಕೊಂಡು ಒಳಗೆ ಒದ್ದೆಯಾಗಿ ಹೊಳೆದರೆ ಕೆಲಸ ಮುಂದುವರಿಯುತ್ತದೆ. ಹರಿದು ಬಂದರೆ ಅಂದು ಚಾಕು ಮಡಚಿ, ಎರಡು ದಿನ ನೀರು ಕೊಟ್ಟು ಮತ್ತೆ ನೋಡುತ್ತೇನೆ. ಕಣ್ಣನ್ನು ಜಾರಿಸಿ ಪಟ್ಟಿ ಸುತ್ತಿ, ಮೂರು ವಾರಕ್ಕೆ ಬಿಚ್ಚುತ್ತೇನೆ. ಕಣ್ಣು ಹಸಿರಾಗಿದ್ದು ತೊಟ್ಟು ಮುಟ್ಟಿದರೆ ಉದುರಿತೋ, ಕಸಿ ಹಿಡಿದಿದೆ. ತೊಟ್ಟು ಒಣಗಿ ಅಂಟಿಕೊಂಡಿದ್ದರೆ ಕಣ್ಣು ಸತ್ತಿದೆ, ಹಿಂಬದಿಯಲ್ಲಿ ಇನ್ನೊಂದು ಹಾಕುತ್ತೇನೆ. ಕಣ್ಣಿನ ಕಡ್ಡಿ ರೋಗಮುಕ್ತ ಮರದ್ದೇ ಆಗಬೇಕು, ಏಕೆಂದರೆ ಹಸಿರು ಕಾಯಿ ರೋಗ ಕಸಿಯಲ್ಲೂ ದಾಟುತ್ತದೆ, ಅದಕ್ಕೆ ಮದ್ದಿಲ್ಲ. ಎಲೆಯ ಎಡ ಬಲ ಹೊಂದದ ಹಾಗೆ ಹಳದಿ ಮಚ್ಚೆ ಕಂಡ ಮರದ ಕಡ್ಡಿ ಮುಟ್ಟುವುದಿಲ್ಲ.

ನೆಡುವ ಮುನ್ನ ಮೊಣಕೈ ಆಳದ ಗುಂಡಿಗೆ ನೀರು ತುಂಬಿಸುತ್ತೇನೆ. ಮರುದಿನವೂ ನೀರು ನಿಂತಿದ್ದರೆ ಗುಂಡಿ ಮುಚ್ಚಿ, ಅರ್ಧ ಮೀಟರ್ ಎತ್ತರದ ದಿಬ್ಬದ ಮೇಲೆ ನೆಡುವುದು. ಕಸಿಯ ಗಂಟು ನೆಲದಿಂದ ಒಂದು ಗೇಣು ಮೇಲಿರಬೇಕು, ಬುಡದ ಮಣ್ಣಿಗೆ ಹೊದಿಸುವ ಎಲೆ, ಹುಲ್ಲಿನ ಮುಚ್ಚಿಗೆಯೂ ಕಾಂಡಕ್ಕೆ ತಾಗಬಾರದು. ಗಂಟು ಮಣ್ಣಿನಲ್ಲಿ ಹೂತರೆ ಒಳ್ಳೆಯ ಬೇರು ಆರಿಸಿದ್ದೂ ದಂಡ, ಕೊಳೆರೋಗ ಮೇಲಿನ ತೊಗಟೆಯಿಂದಲೇ ಹತ್ತುತ್ತದೆ. ಗಂಟಿನ ಕೆಳಗಿನ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟುತ್ತೇನೆ. ಟ್ರೈಫೋಲಿಯೇಟ್ ಬೇರಾದರೆ ಒಂದು ತೊಟ್ಟಿಗೆ ಮೂರು ಎಲೆ ಇರುವುದರಿಂದ ಗುರುತು ಸುಲಭ. ಜಂಬೇರಿಯ ಚಿಗುರು ಕಿತ್ತಳೆಯಂತೆಯೇ ಕಾಣುವುದರಿಂದ ಎಲ್ಲಿಂದ ಹೊರಟಿದೆ ಎಂದು ಬೆರಳಿಟ್ಟು ನೋಡಬೇಕು. ಬಿಟ್ಟರೆ ಮೇಲಿನ ಕಸಿಯನ್ನು ಹಿಂದಿಕ್ಕಿ, ನಾಲ್ಕು ವರ್ಷಕ್ಕೆ ಮರವಿಡೀ ಹುಳಿ ನಿಂಬೆಯಾಗುತ್ತದೆ.

ಎಲೆ ಸಣ್ಣಗೆ, ಒತ್ತೊತ್ತಾಗಿ, ನರಗಳ ನಡುವೆ ಹಳದಿ ಮಚ್ಚೆಯಾದರೆ ಸತುವಿನ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣ ಕಲಸಿ, ಹೊಸ ಚಿಗುರಿನ ಎಲೆ ಮುಕ್ಕಾಲು ಅಗಲವಾದಾಗ ಸಿಂಪಡಿಸುತ್ತೇನೆ. ಬಲಿತ ಎಲೆಗೆ ಹೊಡೆದರೆ ಒಳಗಿಳಿಯುವುದು ಅಷ್ಟಕ್ಕಷ್ಟೇ.

ಕೊಯ್ಯುವಾಗ ಸಡಿಲ ಸಿಪ್ಪೆಯ ಹಣ್ಣನ್ನು ಎಳೆಯುವುದಿಲ್ಲ; ತೊಟ್ಟಿನ ಜತೆ ಸಿಪ್ಪೆಯ ಒಂದು ಬಿಲ್ಲೆಯೂ ಕಿತ್ತು ಬಂದು, ಅಲ್ಲಿಂದ ಹಸಿರು ಬೂಷ್ಟು ಹಿಡಿಯುತ್ತದೆ. ಕತ್ತರಿಯಿಂದ ಎರಡು ಸಲ ಕತ್ತರಿಸುತ್ತೇನೆ: ಮೊದಲು ಕೊಂಬೆಯಿಂದ ಬಿಡಿಸಲು, ಮತ್ತೆ ತೊಟ್ಟು ಸಿಪ್ಪೆಯ ಮಟ್ಟಕ್ಕೆ ಬರುವಂತೆ, ಪಕ್ಕದ ಹಣ್ಣಿಗೆ ಚುಚ್ಚದ ಹಾಗೆ.